ಬೇಟೆಗಾರರು ಮಾಡಿಸಿದ ಕಾಯಿದೆ

ಚರಿತ್ರೆಯ ಪಾಠದಲ್ಲಿ 1878-79ನೆಯ ಇಸವಿ ಬಂದೊಡನೆ ನಮ್ಮ ವಿದ್ಯಾರ್ಥಿಗಳು ಎರಡನೆಯ ಆಫ್ಘನ್ ಯುದ್ಧವನ್ನೂ, ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ ಲಿಟ್ಟನ್ ಪ್ರಭುವಿನ ಕಾನೂನನ್ನೂ ತಪ್ಪದೆ ಹೇಳುತ್ತಾರೆ. ಅದೇ 1879ರಲ್ಲಿ ಮದರಾಸು ಸರಕಾರವು ನೀಲಗಿರಿ ಜಿಲ್ಲೆಗೆಂದೇ ಒಂದು ಪುಟ್ಟ ಕಾಯಿದೆಯನ್ನು ಮಾಡಿತು. ‘ನೀಲಗಿರಿ ಬೇಟೆಮೃಗ ಮತ್ತು ಮೀನುಗಳ ಸಂರಕ್ಷಣಾ ಕಾಯಿದೆ’ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಕಾಟಿ, ಕಡವೆ, ವರೆಯಾಡು, ಕಾಡುಕುರಿ, ಬಗೆಬಗೆಯ ಜಿಂಕೆಗಳು, ಮೊಲ, ಕಾಡುಕೋಳಿ, ನವಿಲು, ಕೌಜುಗ, ಲಾವುಗೆ, ಇವೆಲ್ಲ ಆ ಕಾಯಿದೆಯ ಪ್ರಕಾರ ‘ಬೇಟೆಮೃಗ’ಗಳು. ವರ್ಷದ ಗೊತ್ತಾದ ತಿಂಗಳುಗಳಲ್ಲಿ ಇವನ್ನು ಹೊಡೆಯಕೂಡದು. ಉಳಿದ ತಿಂಗಳುಗಳಲ್ಲಿ ಹೊಡೆಯಬೇಕೆಂಬವನು ಸರಕಾರದ ಪರವಾನಗಿ ಪಡೆಯಬೇಕು. (ಕಾಡುಕುರಿಯನ್ನು ಆ ಕಾಯಿದೆ ‘ಜಂಗಲ್ ಶೀಪ್’ ಎಂದು ಕರೆಯುತ್ತದೆ. ನಮ್ಮ ಮಾತನ್ನೇ ಪದಕ್ಕೆ ಪದವಾಗಿ ತಿರುಗಿಸಿಕೊಂಡಂತಿದೆ.)

ಈ ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಹೆಚ್ಚು ಮಾತಾಡುತ್ತದೆ. ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಆನೆಗೆ 1873ರಲ್ಲಿಯೇ ಮದರಾಸು ಸರಕಾರ ಬೇರೊಂದು ಕಾಯಿದೆಯ ರಕ್ಷಣೆ ಕೊಟ್ಟಿತ್ತು, ಏಕೆಂದರೆ ಆನೆ ಮರ ಎಳೆಯುವ, ಫಿರಂಗಿ ಹೊರುವ ಸೊತ್ತು. ಹುಲಿ, ಚಿರತೆ, ಸೀಳುನಾಯಿಗಳಾದರೋ ಬೇಟೆಮೃಗಗಳನ್ನು ತಿನ್ನುವ ಎದುರಾಳಿಗಳು. ಅವನ್ನು ಕೊಂದವನಿಗೆ ಶಿಕ್ಷೆಯಿಲ್ಲ, ಇನಾಮು.

ಹಳೆಯ ಈ ಕಾಯಿದೆಯನ್ನು ಈಗ ನಾವು ಕೆದಕುವುದಕ್ಕೆ ಕಾರಣವುಂಟು. ದೊಡ್ಡ ಮೃಗಗಳನ್ನು ಹೊಡೆದು ಅವುಗಳ ತಲೆ, ಕೊಂಬು, ಚರ್ಮಗಳನ್ನು ಗೆಲುವಿನ ಗುರುತಾಗಿ ಮನೆಯಲ್ಲಿ ಇರಿಸಿಕೊಳ್ಳುವ ಬೇಟೆಗೆ ‘ಟ್ರೋಫಿ’ ಬೇಟೆಯೆಂದು ಹೆಸರು. ಇಂಥ ಬೇಟೆ ವನ್ಯಮೃಗಗಳಿಗೆ ಮಾರಕವೋ, ಒಂದು ಬಗೆಯಲ್ಲಿ ರಕ್ಷಕವೋ ಎಂಬ ವಾದ ಲೋಕದಲ್ಲಿ ಬಿಸಿಯಾಗಿಯೇ ಇದೆ. ಈ ವಾದದಲ್ಲಿ ಬೇಟೆಗಾರರ ಪಕ್ಷದವರು ಮುಂದಿಡುವ ಮಾತು ಇದು: ‘ಮೃಗಗಳ ರಕ್ಷಣೆಗೆ ಮೊದಲು ಕೂಗಿದವರೇ ನಾವು, ಕಾಯಿದೆ ಬೇಡಿದವರು ನಾವು, ಕಾವಲುಗಾರರಿಗೆ ಸಂಬಳ ಕೊಟ್ಟವರು ನಾವು.’ ಈ ಮಾತು ಸುಳ್ಳಲ್ಲ. ಹಾಗೆಂದು ಪೂರ್ಣ ಸತ್ಯವೂ ಅಲ್ಲ. ಇದನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಆಫ್ರಿಕೆಗೆ ಹೋಗಬೇಕಾಗಿಲ್ಲ. ತಾಳವಾಡಿಯಲ್ಲಿಯೋ ಗೂಡಲೂರಿನಲ್ಲಿಯೋ ವಯನಾಡಿನಲ್ಲಿಯೋ ಇರುವ ನಮ್ಮ ವಾಚಕರಿಗೆ ಆಕಾಶದ ಅಂಚಿನಲ್ಲಿ ನೀಲಿಯಾಗಿ ತೋರುವ ಬೆಟ್ಟವೇ ಸಾಕು.

ಆ ಬೆಟ್ಟದ ಹೆಸರು ಕನ್ನಡದ ಶಾಸನಗಳಿಗೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಅಂಜಿಸಿ ನೀಲಗಿರಿಯನ್ನು ಹಿಡಿದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಎಮ್ಮೆ ಸಾಕಿ ಹಾಲು ಬೆಣ್ಣೆಗಳಿಂದ ಬಾಳುವ ತೊದವರು, ಕುಲುಮೆಯ ಕೆಲಸದ ಕೋತರು, ನಮ್ಮ ನುಡಿಗೆ ಅತಿ ಸಮೀಪದ ನುಡಿಯಾಡುವ ಬೇಸಾಯಗಾರ ಬಡಗರು, ಇಳಿಜಾರಿನ ಕಾಡುಗಳಲ್ಲಿ ಜೇನು ಗೆಡ್ಡೆಗಳನ್ನರಸುವ ಕುರುಬರು, ಇರುಳರು, ಇವರ ಬಾಳಿನ ನೆಲೆ ಅದು. ಇವರಲ್ಲಿ ತೊದವರು ಬೇಟೆಯಾಡುವವರಲ್ಲ. ಉಳಿದವರಲ್ಲಿ ಬಲೆ, ಉರುಲು, ನಾಯಿಗಳಿಂದ ಬೇಟೆಯಾಡುವವರು ಇದ್ದರು. ಬೇಟೆ ಅವರಿಗೆ ಊಟದ ಮಾತು, ಬೆಳೆ ಕಾಯುವ ಮಾತು.

ಬೇಟೆ ಎಂಬುದೇ ಆಂಗ್ಲರು ತಂದದ್ದೆಂದು ಯಾರೂ ತಿಳಿಯಬಾರದು. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದಕ್ಕೆ ವಿಸ್ತಾರವಾದ ಸ್ಥಾನವುಂಟು. ನಮ್ಮ ಅರಸರು ಬೇಟೆಯನ್ನು ವಿನೋದವಾಗಿಯೂ ಯುದ್ಧದ ಅಭ್ಯಾಸವಾಗಿಯೂ ಎಣಿಸಿದವರೇ. ಆದರೂ ಒಂದು ಭೇದವನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲನ್ನು ನಮ್ಮ ಉಪಾಧ್ಯಾಯರು ಬಲ್ಲರು. ಗಂಗರ ಬೂತುಗನಿಂದ ಮಣಲೆರನು ಪಡೆದ ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು, ಮಣಲೆರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ಅಲ್ಲಿ ನೆನಪಿಗೆ ನಿಂತದ್ದು ಹಂದಿಯ ತಲೆಯಲ್ಲ, ಒಡೆಯನ ಗುರಿಯೂ ಅಲ್ಲ, ನಾಯಿಯ ಹೆಸರು. ಹತ್ತೊಂಬತ್ತನೆಯ ಶತಮಾನದ ಟ್ರೋಫಿಯ ಕಲ್ಪನೆಯೇ ಬೇರೆ. ಲಂಡನ್ನಿನಲ್ಲಿ ಸತ್ತ ಪ್ರಾಣಿಗಳಿಗೆ ರೂಪ ತುಂಬುವ ಕಸಬಿನ ರೋಲೆಂಡ್ ವಾರ್ಡ್ ಎಂಬುವನು 1892ರಲ್ಲಿ ಲೋಕದ ದೊಡ್ಡ ಮೃಗಗಳ ಕೊಂಬಿನ ಅಳತೆಗಳನ್ನು ಸೇರಿಸಿ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಯಾವ ಮೃಗದ ಕೊಂಬು ಎಷ್ಟು ಅಂಗುಲ, ಹೊಡೆದವರಾರು, ಎಲ್ಲಿ ಎಂಬುದರ ಪಟ್ಟಿ. ಅಂದಿನಿಂದ ಬೆಟ್ಟದ ಮೇಲಿನ ಜೀವವೊಂದು ಅಂಗುಲಗಳ ಲೆಕ್ಕಕ್ಕೆ ಇಳಿಯಿತು.

ನೀಲಗಿರಿಯಲ್ಲಿ ಈ ಲೆಕ್ಕಕ್ಕೆ ಸಿಕ್ಕ ಮುಖ್ಯ ಪ್ರಾಣಿ ವರೆಯಾಡು. ತಮಿಳಿನಲ್ಲಿ ವರೈ ಎಂದರೆ ಕಡಿದಾದ ಬಂಡೆಯ ಬೆಟ್ಟ. ಬಂಡೆಯ ಆಡು ಎಂದೇ ಅದರ ಹೆಸರು. ಆಂಗ್ಲರು ಆಲ್ಪ್ಸ್ ಪರ್ವತದ ಪ್ರಾಣಿಯೊಂದನ್ನು ನೆನೆದು ‘ಐಬೆಕ್ಸ್’ ಎಂದರು. ಇಂದು ಶಾಸ್ತ್ರಜ್ಞರು ‘ನೀಲಗಿರಿ ತಾರ್’ ಎನ್ನುತ್ತಾರೆ. ನೀಲಗಿರಿಯಿಂದ ತೆಂಕಣಕ್ಕೆ, ಪಶ್ಚಿಮ ಘಟ್ಟದ ತುದಿಯವರೆಗಿನ ಎತ್ತರದ ಹುಲ್ಲುಗಾವಲುಗಳನ್ನೂ ಬಂಡೆಗಳನ್ನೂ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲಿಯೂ ಅದು ಕಾಡಿನಲ್ಲಿ ಇಲ್ಲ. ಹೆಣ್ಣುಗಳೂ ಮರಿಗಳೂ ಹಿಂಡಾಗಿರುತ್ತವೆ. ಗಂಡು ಮುದಿಯಾದಂತೆ ಮೈ ಕಪ್ಪಾಗಿ ಬೆನ್ನಿನ ಮೇಲೆ ತಡಿ ಹಾಕಿದಂತೆ ಬೆಳ್ಳನೆಯ ಮಚ್ಚೆ ಮೂಡುತ್ತದೆ. ಇಂಥ ಗಂಡನ್ನು ಬೇಟೆಗಾರರು ‘ಸ್ಯಾಡಲ್‌ಬ್ಯಾಕ್’, ಎಂದರೆ ತಡಿಬೆನ್ನಿನವನು ಎಂದು ಕರೆದರು. ಅದರ ತಲೆಯೇ ಅವರು ಬಯಸಿದ ಟ್ರೋಫಿ. ಈ ಪ್ರಾಣಿ ಅಪಾಯವನ್ನು ಕೆಳಗಿನಿಂದ ನಿರೀಕ್ಷಿಸುತ್ತದೆ. ಬಂಡೆಯ ಅಂಚಿನಲ್ಲಿ ನಿಂತು ಕಣಿವೆಯತ್ತ ಕಣ್ಣಿಟ್ಟಿರುತ್ತದೆ. ಆದುದರಿಂದ ಬೇಟೆಗಾರನು ನಸುಕಿನಲ್ಲಿಯೇ ಎತ್ತರಕ್ಕೆ ಹತ್ತಿ, ಗಾಳಿಯ ದಿಕ್ಕು ನೋಡಿಕೊಂಡು, ಮೇಲಿನಿಂದ ಹೊಟ್ಟೆಯ ಮೇಲೆ ತೆವಳಿ ಬರಬೇಕು. ಕಷ್ಟದ ಬೇಟೆಯೆಂಬುದರಲ್ಲಿ ಸಂದೇಹವಿಲ್ಲ. ಕಷ್ಟವಾದುದರಿಂದಲೇ ಅದಕ್ಕೆ ಮರ್ಯಾದೆ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ನನು 1819ರಲ್ಲಿ ಬೆಟ್ಟ ಹತ್ತಿದ ತರುವಾಯ ಉದಕಮಂಡಲ ಬೆಳೆಯಿತು. 1852ರಲ್ಲಿ ಮುಂದೆ ವೆಲ್ಲಿಂಗ್ಟನ್ ಎಂದು ಹೆಸರಾದ ಕಡೆ ಸೇನೆಯ ಠಾಣ್ಯ ಎದ್ದಿತು. ಬಯಲಿನ ಬೇಗೆಯಿಂದ ಬಂದ ಅಧಿಕಾರಿಗಳಿಗೆ ರಜೆಯೆಂದರೆ ಕೋವಿ. ಅರ್ಧ ಶತಮಾನದ ಹೊಡೆತದಲ್ಲಿ ವರೆಯಾಡೂ ಕಡವೆಯೂ ಊಟಿಯ ಸುತ್ತಣ ಬೆಟ್ಟಗಳಲ್ಲಿ ಅಪರೂಪವಾದವು. ಮೊದಲು ಬಂದವರು ಹೇಳಿದ ಕಥೆಗಳನ್ನು ಕೇಳಿ ಬಂದ ಹೊಸ ಬೇಟೆಗಾರರಿಗೆ ಖಾಲಿ ಬೆಟ್ಟ ಎದುರಾಯಿತು. 1877ರಲ್ಲಿ ಅವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರು. ನೀಲಗಿರಿ ಗೇಮ್ ಅಸೋಸಿಯೇಷನ್ ಎಂದು ಬಹುಕಾಲ ಹೆಸರಾಗಿದ್ದ ಆ ಸಂಘವು ಹೆಸರು ಬದಲಿಸಿಕೊಂಡು ಇಂದಿಗೂ ಉಂಟು, ಈಗ ಅದು ವನ್ಯಜೀವಿ ಮತ್ತು ಪರಿಸರದ ಸಂಘ. ಎರಡೇ ವರ್ಷದಲ್ಲಿ ಕಾಯಿದೆ ಬಂದಿತು. ಹೆಣ್ಣನ್ನೂ ಮರಿಯನ್ನೂ ಹೊಡೆಯಬಾರದು, ಗರ್ಭದ ಕಾಲದಲ್ಲಿ ಬೇಟೆಯಿಲ್ಲ, ಒಬ್ಬನಿಗೆ ಇಷ್ಟೇ ತಲೆ ಎಂಬ ಬಗೆಯ ನಿಯಮಗಳು ಬೆಳೆದುಬಂದವು. ಕಾಯಿದೆಯ ಹೆಸರಿನಲ್ಲಿರುವ ಮೀನು ಯಾವುದೆಂದು ವಾಚಕರು ಕೇಳಬಹುದು: ಗಾಳದ ಮೋಜಿಗೆಂದು ಹೊರಗಿನಿಂದ ತಂದು ಬಿಡುತ್ತಿದ್ದ ಮೀನು. ಹಲವು ಪ್ರಯತ್ನಗಳ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅವಲಾಂಚಿಯ ಮರಿಕೊಳಗಳಲ್ಲಿ ಟ್ರೌಟ್ ಮೀನು ನೆಲೆಯೂರಿತು.

ಇಲ್ಲಿಯವರೆಗೆ ಬೇಟೆಗಾರರ ಪಕ್ಷದ ಮಾತಿಗೆ ಆಕ್ಷೇಪವಿಲ್ಲ. ಆದರೆ ಒಂದು ಕಾಯಿದೆಯನ್ನು ಓದುವಾಗ ಅದರ ಅಕ್ಕಪಕ್ಕದ ಕಾಯಿದೆಗಳನ್ನೂ ಓದಬೇಕು. 1878ರಲ್ಲಿ ಲಿಟ್ಟನ್ನನ ಆಯುಧ ಕಾಯಿದೆ ಬಂದಿತು; ಭಾರತೀಯನು ಕೋವಿ ಇರಿಸಿಕೊಳ್ಳಬೇಕಾದರೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ. (ಕೊಡಗಿನವರಿಗೆ ಮಾತ್ರ ಇದರಿಂದ ವಿನಾಯಿತಿ ದೊರೆತ ಕಥೆ ನಮ್ಮವರಿಗೆ ಗೊತ್ತಿದ್ದುದೇ.) 1882ರಲ್ಲಿ ಮದರಾಸು ಅರಣ್ಯ ಕಾಯಿದೆ ಬಂದಿತು, ಕಾಡು ಸರಕಾರದ ರಿಸರ್ವ್ ಆಯಿತು. ನಡುವೆ 1879ರ ಬೇಟೆಯ ಕಾಯಿದೆ. ನಾಲ್ಕು ವರ್ಷಗಳಲ್ಲಿ ಕೋವಿ, ಕಾಡು, ಮೃಗ, ಮೂರಕ್ಕೂ ಬೀಗ ಬಿದ್ದಿತು. ಬೀಗದ ಕೈ ಒಂದೇ ಗೊಂಚಲಿನಲ್ಲಿತ್ತು.

ಸಂಘದವರ ದೂರುಗಳೆಲ್ಲ ಯಾರ ಮೇಲೆ ಎಂಬುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ‘ನೇಟಿವ್ ಶಿಕಾರಿ’ಯು ಬಲೆಯೊಡ್ಡುತ್ತಾನೆ, ಉರುಲು ಹಾಕುತ್ತಾನೆ, ಹೆಣ್ಣು ಗಂಡೆಂದು ನೋಡುವುದಿಲ್ಲ, ಮಾಂಸವನ್ನು ಮಾರುತ್ತಾನೆ. ಆತನು ಕೊಲ್ಲುವುದು ಹೊಟ್ಟೆಗಾಗಿ, ಅದು ಹೀನ. ದೊರೆ ಕೊಲ್ಲುವುದು ಕ್ರೀಡೆಗಾಗಿ, ಅದು ಉದಾತ್ತ. ಹಸಿವಿಗೆ ಕೊಲ್ಲುವುದು ಅಪರಾಧವಾಗಿ, ಹಸಿವಿಲ್ಲದೆ ಕೊಲ್ಲುವುದು ಹಕ್ಕಾಗುವ ಈ ತರ್ಕವು ಇಂದು ನಮಗೆ ವಿಚಿತ್ರವಾಗಿ ತೋರುತ್ತದೆ, ಅಂದಿನವರಿಗೆ ತೋರಲಿಲ್ಲ. ಬಲೆಗೂ ಉರುಲಿಗೂ ಸಿಕ್ಕ ಗಬ್ಬದ ಕಡವೆಗಳೂ ಮರಿಗಳೂ ಇದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ಕಳ್ಳಬೇಟೆ’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಮೊದಲು ಬೇಟೆಗೆ ಒಡೆಯನೊಬ್ಬನು ಇರಬೇಕು. ಆ ಒಡೆತನವು ಹುಟ್ಟಿದ್ದು ಈ ವರ್ಷಗಳಲ್ಲಿ. ತಲೆತಲಾಂತರದಿಂದ ಆ ಕಾಡಿನಲ್ಲಿಯೇ ಬಾಳಿದ ಕುರುಬನು ಒಂದು ದಿನ ಬೆಳಗಾಗುವುದರೊಳಗೆ ಕಳ್ಳನಾದನು.

ವಿಪರ್ಯಾಸವೆಂದರೆ ದೊರೆಯ ಬೇಟೆ ನಡೆಯುತ್ತಿದ್ದುದೂ ಅದೇ ಕುರುಬನ, ಅದೇ ಇರುಳನ ಕಣ್ಣಿನಿಂದ. ಎಲ್ಲಿ ಹಿಂಡು ಮಲಗಿದೆ, ಯಾವ ಹೆಜ್ಜೆ ಇಂದಿನದು, ಯಾವುದು ನಿನ್ನೆಯದು, ಗಾಯಗೊಂಡ ಮೃಗ ಯಾವ ಶೋಲೆಯೊಳಗೆ ನುಗ್ಗೀತು, ಇದನ್ನು ಬಲ್ಲವನು ಆತ. ಬೇಟೆಯ ನೆನಪುಗಳನ್ನು ಬರೆದ ಆಂಗ್ಲರು ಇಂಥ ಜಾಡುಗಾರರ ಚಾತುರ್ಯವನ್ನು ಮೆಚ್ಚದೆ ಇಲ್ಲ. ಆದರೆ ಗೋಡೆಗೆ ತೂಗುಹಾಕಿದ ತಲೆಯ ಕೆಳಗಿನ ಹಲಗೆಯಲ್ಲಿ ಹೊಡೆದವನ ಹೆಸರು, ಸ್ಥಳ, ತಾರೀಖು. ಜಾಡು ತೋರಿದವನಿಗೆ ಆ ಹಲಗೆಯಲ್ಲಿ ಸ್ಥಳವಿರಲಿಲ್ಲ.

ಇನ್ನು ಫಲವೇನಾಯಿತು? ವರೆಯಾಡು ಉಳಿಯಿತು. ಇದನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು. ಕಾಯಿದೆಯೂ ಸಂಘದ ಕಾವಲುಗಾರರೂ ಇಲ್ಲದಿದ್ದರೆ ನೀಲಗಿರಿಯ ಹಿಂಡುಗಳು ನಿರ್ನಾಮವಾಗುತ್ತಿದ್ದುವೆಂಬ ವಾದದಲ್ಲಿ ಬಲವುಂಟು. ತೆಂಕಣದ ಮುನ್ನಾರಿನ ಉದಾಹರಣೆ ಇದಕ್ಕಿಂತ ಗಟ್ಟಿಯಾದುದು. ಅಲ್ಲಿಯ ಚಹಾ ತೋಟಗಳ ಬಿಳಿಯ ಅಧಿಕಾರಿಗಳು ಇರವಿಕುಳಂ ಪ್ರಸ್ಥಭೂಮಿಯನ್ನು ತಮ್ಮ ಬೇಟೆಯ ಮೀಸಲು ಎಂದು ಇರಿಸಿಕೊಂಡು, ಆ ಬೆಟ್ಟದ ಮುದುವರನ್ನು ಕಾವಲಿಗೆ ನೇಮಿಸಿಕೊಂಡಿದ್ದರು. ಬೇಟೆಗೆಂದು ಮೀಸಲಾದುದರಿಂದ ಅಲ್ಲಿ ಚಹಾ ನೆಡಲಿಲ್ಲ. 1975ರಲ್ಲಿ ಕೇರಳ ಸರಕಾರ ಅದನ್ನು ಅಭಯಾರಣ್ಯ ಮಾಡಿತು. 1978ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಲೋಕದಲ್ಲಿಯೇ ಅತಿ ಹೆಚ್ಚು ವರೆಯಾಡುಗಳಿರುವ ಸ್ಥಳ ಅದು. ಬೇಟೆಗಾರನ ಸ್ವಾರ್ಥವು ಅಲ್ಲಿ ಮೃಗಕ್ಕೆ ವರವಾಯಿತೆಂದರೆ ತಪ್ಪಾಗದು.

ಆದರೆ ನೀಲಗಿರಿಯಲ್ಲಿಯೇ ನಡೆದ ಇನ್ನೊಂದು ಕಥೆಯನ್ನು ಬೇಟೆಗಾರರ ಪಕ್ಷವೂ ಅವರ ವಿರೋಧ ಪಕ್ಷವೂ ಸಾಕಷ್ಟು ಹೇಳುವುದಿಲ್ಲ. ಎರಡು ಪಕ್ಷಗಳೂ ಕೋವಿಯನ್ನೇ ನೋಡುತ್ತವೆ, ಹುಲ್ಲನ್ನು ನೋಡುವುದಿಲ್ಲ. ವರೆಯಾಡಿಗೆ ಬೇಕಾದುದು ಎತ್ತರದ ತೆರೆದ ಹುಲ್ಲುಗಾವಲು. ತಗ್ಗುಗಳಲ್ಲಿ ಶೋಲೆಯ ಕಾಡು, ದಿಬ್ಬಗಳ ಮೇಲೆ ಹುಲ್ಲು, ಇದು ಆ ಬೆಟ್ಟದ ಸಹಜ ರೂಪ. ಆಂಗ್ಲರ ಕಣ್ಣಿಗೆ ಆ ಹುಲ್ಲು ಪಾಳುಭೂಮಿಯಾಗಿ ಕಂಡಿತು. 1840ರ ದಶಕದಿಂದ ಆಸ್ಟ್ರೇಲಿಯದ ಮರಗಳು ಬಂದವು. 1860ರ ದಶಕದಲ್ಲಿ ದೊಡ್ಡಬೆಟ್ಟದ ಮಗ್ಗುಲಲ್ಲಿ ಕ್ವಿನೈನಿಗಾಗಿ ಸಿಂಕೋನಾ ನೆಟ್ಟರು. ಚಹಾ ಬೆಳೆಯಿತು. ವಾಟಲ್ ಗಿಡವಂತೂ ನೆಟ್ಟಲ್ಲಿ ನಿಲ್ಲದೆ ತಾನೇ ಹರಡಿತು. ನಾವು ಕನ್ನಡದಲ್ಲಿ ‘ನೀಲಗಿರಿ ಮರ’ ಎಂದು ಕರೆಯುವ ಮರವೇ ಆಸ್ಟ್ರೇಲಿಯದ ಯೂಕಲಿಪ್ಟಸ್. ಬೆಟ್ಟದ ಹುಲ್ಲನ್ನು ನುಂಗಿದ ಮರಕ್ಕೆ ನಾವು ಬೆಟ್ಟದ ಹೆಸರನ್ನೇ ಕೊಟ್ಟುಬಿಟ್ಟೆವು! ಸ್ವಾತಂತ್ರ್ಯ ಬಂದ ಮೇಲೂ ಇದು ನಿಲ್ಲಲಿಲ್ಲ. ಸರಕಾರವೇ ಹುಲ್ಲುಗಾವಲುಗಳಲ್ಲಿ ವಾಟಲನ್ನೂ ನೀಲಗಿರಿಯನ್ನೂ ಬೆಳೆಸಿತು; ಕುಂದಾ ಕಣಿವೆಗಳಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟುಗಳೆದ್ದವು. ಕೊಂಬಿನ ಅಂಗುಲವನ್ನು ಅಳೆದವರು ಹುಲ್ಲಿನ ಎಕರೆಯನ್ನು ಅಳೆಯಲಿಲ್ಲ. ಅಳೆಯುವುದೂ ಅವರಿಗೆ ಕಷ್ಟವಾಗಿದ್ದೀತು. ಭಾನುವಾರ ಕೋವಿ ಹಿಡಿದ ಕೈಯೇ ಎಷ್ಟೋ ವೇಳೆ ಸೋಮವಾರ ತೋಟದ ಲೆಕ್ಕ ಬರೆಯುತ್ತಿತ್ತು.

1963ರಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದ ವಕೀಲ ಇ. ಆರ್. ಸಿ. ದಾವಿದಾರರು ನೀಲಗಿರಿಯ ವರೆಯಾಡುಗಳನ್ನು ಎಣಿಸಿದಾಗ ಸಿಕ್ಕ ಲೆಕ್ಕ ಸುಮಾರು 400. ಆ ಎಣಿಕೆಯನ್ನು ನಾವು ಈ ಕಥೆಯ ಒಂದು ತಿರುವೆಂದು ಎಣಿಸುತ್ತೇವೆ. ಹೊಡೆಯುವುದಕ್ಕಾಗಿ ಕಾಯುತ್ತಿದ್ದ ಸಂಘವು ಎಣಿಸುವುದಕ್ಕಾಗಿ ಬೆಟ್ಟ ಹತ್ತಿತು. ಅವರು ಮುಂದೆ ಇತರ ಬೆಟ್ಟಗಳಲ್ಲಿಯೂ ಎಣಿಸಿದರು. ಅವರ ನೆನಪಿಗಾಗಿ ತಮಿಳುನಾಡಿನಲ್ಲಿ ಅಕ್ಟೋಬರ್ 7ನ್ನು ವರೆಯಾಡಿನ ದಿನವೆಂದು ಗೊತ್ತುಮಾಡಿದ್ದಾರೆ.

ಕಾಯಿದೆಯ ಪಟ್ಟಿಯಿಂದ ಹೊರಗುಳಿದ ಹುಲಿಯ ಗತಿಯನ್ನು ಇಲ್ಲಿ ಹೇಳಿಬಿಡಬೇಕು. 1875ರಿಂದ 1925ರವರೆಗಿನ ಅರ್ಧ ಶತಮಾನದಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಸತ್ತುವೆಂದು ಚರಿತ್ರಕಾರರು ಇನಾಮಿನ ದಾಖಲೆಗಳಿಂದ ಲೆಕ್ಕಹಾಕಿದ್ದಾರೆ. ಅವುಗಳಲ್ಲಿ ಎಷ್ಟೋ ಚರ್ಮಗಳು ಮೈಸೂರಿಗೆ ಬಂದವು. 1900ರ ಸುಮಾರಿಗೆ ಅಲ್ಲಿ ಆರಂಭವಾದ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯು ಸತ್ತ ಮೃಗಗಳ ಚರ್ಮ ಹದಮಾಡಿ, ಒಳಗೆ ಅಚ್ಚು ಕೂರಿಸಿ, ಜೀವಂತವೆನಿಸುವಂತೆ ನಿಲ್ಲಿಸುವುದರಲ್ಲಿ ಲೋಕಪ್ರಸಿದ್ಧವಾಗಿತ್ತು. ಮಹಾರಾಜರು, ವೈಸರಾಯರು, ಹೊರದೇಶದ ಧನಿಕರು ಅದರ ಗಿರಾಕಿಗಳು. ಅಲ್ಲಿ ಹದಗೊಂಡ ಹುಲಿ ಚಿರತೆಗಳ ಒಟ್ಟು ಸಂಖ್ಯೆ 40,000ವನ್ನು ಮೀರಿತ್ತೆಂದು ಅಂದಾಜು ಮಾಡಿದ್ದಾರೆ. ಅಲ್ಲಿ ದುಡಿದ ಮೈಸೂರಿನ ಕುಶಲಕರ್ಮಿಗಳ ಕೈಚಳಕವನ್ನು ಮೆಚ್ಚುವಾಗಲೂ ಆ ಸಂಖ್ಯೆ ಮನಸ್ಸನ್ನು ಚುಚ್ಚುತ್ತದೆ. ಬೇಟೆ ನಿಂತ ಮೇಲೆ ಕೆಲಸವೂ ಬತ್ತಿ, 1999ರಲ್ಲಿ ಕಾರ್ಖಾನೆ ಮುಚ್ಚಿತು.

ಬೇಟೆ ನಿಂತದ್ದು ಒಮ್ಮೆಗೇ ಅಲ್ಲ. 1952ರಲ್ಲಿ ಭಾರತದ ವನ್ಯಜೀವಿ ಮಂಡಲಿಯ ಮೊದಲ ಸಭೆ ಮೈಸೂರಿನಲ್ಲಿಯೇ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ಸೇರಿತು. ಅದಾದ ಮೇಲೂ ಇಪ್ಪತ್ತು ವರ್ಷ ಶಿಕಾರಿ ಕಂಪನಿಗಳು ಹೊರದೇಶದವರಿಗೆ ಹುಲಿ ತೋರಿಸಿ, ಹೊಡೆಸಿ, ಡಾಲರು ಗಳಿಸಿದವು. ವಿದೇಶೀ ಹಣ ಬರುತ್ತದೆಂಬ ವಾದ ಅಂದೂ ಇತ್ತು. 1969ರಲ್ಲಿ ದಿಲ್ಲಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆಯಲ್ಲಿ ಹುಲಿಯ ಪ್ರಶ್ನೆ ಎದ್ದಿತು. 1970ರಲ್ಲಿ ಹುಲಿ ಬೇಟೆ ನಿಷಿದ್ಧವಾಯಿತು. 1972ರ ಗಣತಿಯಲ್ಲಿ ಸಿಕ್ಕ ಹುಲಿಗಳು 1,827. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಹಲವರು ಗಮನಿಸದ ಸಂಗತಿ ಇನ್ನೊಂದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿ, ವರೆಯಾಡು ಮೊದಲಾದವುಗಳಿಗೆ ಪೂರ್ಣ ರಕ್ಷಣೆ ಕೊಟ್ಟರೂ, ಬೇರೆ ಮೃಗಗಳಿಗಾಗಿ ‘ದೊಡ್ಡ ಬೇಟೆ’, ‘ಸಣ್ಣ ಬೇಟೆ’ ಎಂಬ ಪರವಾನಗಿಗಳನ್ನು ಉಳಿಸಿಕೊಂಡೇ ಇತ್ತು. 1879ರ ಮನಸ್ಸು ಅಷ್ಟು ಸುಲಭವಾಗಿ ಹೋಗಲಿಲ್ಲ. ಆ ಪರವಾನಗಿಗಳನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ.

ಆಫ್ರಿಕೆಯ ದಾರಿ ಬೇರೆ. ಕೀನ್ಯಾ ದೇಶ 1977ರಲ್ಲಿಯೇ ಬೇಟೆಯನ್ನು ನಿಲ್ಲಿಸಿತು. ನಮೀಬಿಯಾ 1996ರಲ್ಲಿ ಕಾನೂನು ಮಾಡಿ ಹಳ್ಳಿಗರ ಸಂಘಗಳಿಗೆ ಮೃಗಗಳ ಮೇಲೆ ಹಕ್ಕು ಕೊಟ್ಟು, ಟ್ರೋಫಿ ಬೇಟೆಯ ಹಣವೂ ಮಾಂಸವೂ ಅವರಿಗೇ ಸೇರುವಂತೆ ಮಾಡಿತು. 2015ರಲ್ಲಿ ಜಿಂಬಾಬ್ವೆಯ ಹ್ವಾಂಗೆ ಕಾಡಿನ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಬಾಣದಿಂದ ಗಾಯಗೊಳಿಸಿ ಕೊಂದಾಗ ಲೋಕವೆಲ್ಲ ಕೂಗೆದ್ದಿತು. ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು; 2024ರಲ್ಲಿ ಜರ್ಮನಿಯು ಟ್ರೋಫಿಗಳ ಆಮದನ್ನು ಬಿಗಿಗೊಳಿಸುವ ಮಾತೆತ್ತಿದಾಗ, ಅಂದಿನ ಬೋಟ್ಸ್ವಾನಾ ಅಧ್ಯಕ್ಷ ಮಸೀಸಿಯವರು 20,000 ಆನೆಗಳನ್ನು ಜರ್ಮನಿಗೆ ಕಳುಹಿಸುತ್ತೇವೆ, ಅವುಗಳೊಡನೆ ಬಾಳಿ ನೋಡಿ ಎಂಬ ಅರ್ಥದಲ್ಲಿ ಉತ್ತರವಿತ್ತರು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ರಾಗಿಯ ಹೊಲವನ್ನು ಆನೆಯಿಂದ ಕಾಯುವ ತಾಳವಾಡಿಯ ರೈತನಿಗೆ ಆ ಮಾತಿನ ಕಾವು ತಿಳಿಯದೆ ಇರದು. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಸುರುಳಿಗೊಂಬಿನ ಮಾರ್ಖೋರ್ ಎಂಬ ಕಾಡುಮೇಕೆಯನ್ನು ಹೊಡೆಯಲು ಹೊರದೇಶದವರು ಒಂದೊಂದು ಪರವಾನಗಿಗೆ ಲಕ್ಷ ಡಾಲರಿಗೂ ಮೇಲೆ ತೆರುತ್ತಾರೆ. ಅದರ ನೂರರಲ್ಲಿ 80 ಪಾಲು ಆ ಕಣಿವೆಯ ಜನಕ್ಕೆ ಹೋಗುತ್ತದೆ. ಮಾರ್ಖೋರುಗಳ ಸಂಖ್ಯೆ ಅಲ್ಲಿ ಏರಿದೆ.

ಇವನ್ನು ನೀಲಗಿರಿಯ ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ತೋರುವುದು ಇಷ್ಟು. ಬೇಟೆಯಿಂದ ಮೃಗ ಉಳಿಯಿತೆಂದು ಇಂದು ತೋರಿಸುವ ಉದಾಹರಣೆಗಳಲ್ಲಿ ಗಟ್ಟಿಯಾದುವೆಲ್ಲ ಬೆಟ್ಟದ ಜನರಿಗೆ ಹಕ್ಕನ್ನೋ ಪಾಲನ್ನೋ ಕೊಟ್ಟ ಉದಾಹರಣೆಗಳು. 1879ರ ಕಾಯಿದೆಯಲ್ಲಿ ಅಂಥ ಪಾಲಿಲ್ಲ. ಕುರುಬನಿಗೆ ಅದು ಕೊಟ್ಟದ್ದು ಕಾವಲುಗಾರನ ಕೂಲಿ ಇಲ್ಲವೆ ಜುಲ್ಮಾನೆ. ಆದುದರಿಂದ ನೀಲಗಿರಿಯ ಸಂಘವನ್ನು ಇಂದಿನ ಟ್ರೋಫಿ ಬೇಟೆಯ ಪರವಾದ ಸಾಕ್ಷಿಯಾಗಿ ಕರೆಯುವವರು ಅರ್ಧ ಸಾಕ್ಷ್ಯವನ್ನಷ್ಟೇ ಓದುತ್ತಾರೆ. ಬೇಟೆಯನ್ನು ಮತ್ತೆ ತೆರೆಯಬೇಕೆಂಬುದು ನಮ್ಮ ಮತವಲ್ಲ. ಭೂಮಿಯ ಮೇಲೆ ಮೂರು ಸಾವಿರವೂ ಇಲ್ಲದ ಪ್ರಾಣಿಯ ತಲೆಗೆ ಬೆಲೆ ಕಟ್ಟುವ ಮಾತೇ ಏಳಬಾರದು. ಆದರೆ ಬೇಟೆ ನಿಂತೊಡನೆ ಹಳೆಯ ಅನ್ಯಾಯವೂ ನಿಂತಿತೆಂದು ಯಾರಾದರೂ ಹೇಳಿದರೆ ಅದನ್ನೂ ನಾವು ಒಪ್ಪಲಾರೆವು. 1940ರಲ್ಲಿ ಅಭಯಾರಣ್ಯವಾದ ಮುದುಮಲೆಯು 2007ರಲ್ಲಿ ಹುಲಿ ಮೀಸಲಾದಾಗ ಗೂಡಲೂರಿನ ಸುತ್ತಿನ ಜನ ಏಕೆ ಬೀದಿಗಿಳಿದರೆಂಬುದನ್ನು ಅಲ್ಲಿಯ ನಮ್ಮ ವಾಚಕರು ಬಲ್ಲರು. ಕಾಡಿನವರ ಹಕ್ಕನ್ನು ಬರಹದಲ್ಲಿ ಒಪ್ಪಿದ ಅರಣ್ಯ ಹಕ್ಕುಗಳ ಕಾಯಿದೆ ಬಂದದ್ದು 2006ರಲ್ಲಿ. ಮದರಾಸಿನ ಅರಣ್ಯ ಕಾಯಿದೆಗೆ ಆಗ 124 ವರ್ಷ ತುಂಬಿತ್ತು.

ಈಗ ವರೆಯಾಡಿನ ಸ್ಥಿತಿ ತಕ್ಕಮಟ್ಟಿಗೆ ಸಮಾಧಾನಕರ. ತಮಿಳುನಾಡು ಸರಕಾರ 2023ರಲ್ಲಿ ಅದಕ್ಕಾಗಿಯೇ ಯೋಜನೆಯೊಂದನ್ನು ಆರಂಭಿಸಿತು, 2024ರ ಎಣಿಕೆಯಲ್ಲಿ ಆ ರಾಜ್ಯದಲ್ಲಿ 1,031, 2025ರಲ್ಲಿ 1,303 ಸಿಕ್ಕವು, ಕೇರಳದಲ್ಲಿ 1,365. ನೀಲಗಿರಿಯ ಹಿಂಡುಗಳ ಮುಖ್ಯ ನೆಲೆ ಮುಕುರ್ತಿ. 1982ರಲ್ಲಿ ಅಭಯಾರಣ್ಯವಾಗಿ, 1990ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸುಮಾರು 78 ಚದರ ಕಿಲೋಮೀಟರ್ ನೆಲ. ಒಮ್ಮೆ ಸರಕಾರವೇ ನೆಟ್ಟ ವಾಟಲನ್ನು ಕಿತ್ತು ಹುಲ್ಲನ್ನು ಮರಳಿ ತರುವ ಕೆಲಸ ಆ ಬೆಟ್ಟಗಳಲ್ಲಿ ನಡೆದಿದೆ; ನೆಡುವುದಕ್ಕಿಂತ ಕೀಳುವುದು ಕಷ್ಟ.

ಕೋವಿ ಬೇಕೋ ಬೇಡವೋ ಎಂಬ ಪ್ರಶ್ನೆ ಬೆಟ್ಟದ ಬುಡದಲ್ಲಿ ಆಗಾಗ ಎದ್ದೇ ಏಳುತ್ತದೆ. 2021ರಲ್ಲಿ ಗೂಡಲೂರು, ಮಸಿನಗುಡಿಗಳ ಸುತ್ತ ಮನುಷ್ಯರನ್ನೂ ದನಗಳನ್ನೂ ಕೊಂದ ಹುಲಿಯೊಂದಕ್ಕೆ ಅರಣ್ಯ ಇಲಾಖೆ ಟಿ-23 ಎಂಬ ಸಂಖ್ಯೆ ಕೊಟ್ಟಿತ್ತು. ಊರವರ ಭಯವೂ ಸಿಟ್ಟೂ ನ್ಯಾಯವಾದುದೇ. ಬೇಟೆಯಾಡಿ ಕೊಲ್ಲಲು ಆಜ್ಞೆಯಾಯಿತು. ಕೊಲ್ಲದೆ ಹಿಡಿಯಲು ಯತ್ನಿಸಬೇಕೆಂದು ಮದರಾಸು ಉಚ್ಚ ನ್ಯಾಯಾಲಯ ಹೇಳಿತು. ಡ್ರೋನು, ಕ್ಯಾಮೆರಾ, ಸಾಕಾನೆ, ನಾಯಿ, ಎಲ್ಲವೂ ಬಂದವು. ಮೂರು ವಾರದ ಹುಡುಕಾಟದಲ್ಲಿ ಅಧಿಕಾರಿಗಳ ಮುಂದೆ ನಡೆದು ಹೆಜ್ಜೆಯನ್ನು ಓದಿದವರು ಮುದುಮಲೆಯ ಬುಡಕಟ್ಟಿನ ಜಾಡುಗಾರರು. ಅಕ್ಟೋಬರ್ 15ರಂದು ಮಸಿನಗುಡಿಯ ಬಳಿ ಹುಲಿಗೆ ಅರಿವಳಿಕೆಯ ಸೂಜಿ ತಗುಲಿತು. ಗಾಯಗೊಂಡಿದ್ದ ಅದನ್ನು ಗಾಡಿಯಲ್ಲಿರಿಸಿ ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಜೀವಂತವಾಗಿ ಒಯ್ದರು. ಜಾಡು ಹಿಡಿದವರ ಹೆಸರುಗಳು ಈ ಸಲ ಪತ್ರಿಕೆಗಳಲ್ಲಿ ಅಚ್ಚಾದವು.